ಸಮುದಾಯಗಳ ನಡುವಿನ ಡಿಎನ್‌ಎ ವ್ಯತ್ಯಾಸ ಮತ್ತು ವಿಧಿವಿಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು

ವಕೀಲರು, ತನಿಖಾಧಿಕಾರಿಗಳು, ಪತ್ರಕರ್ತರು, ಜೀವವಿಜ್ಞಾನದ ವಿದ್ಯಾರ್ಥಿಗಳು ಈ ಪ್ರಶ್ನೆಗಳನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇರುತ್ತಾರೆ. ಉತ್ತರಗಳನ್ನು ಭಾರತದ, ಅದರಲ್ಲೂ ದಕ್ಷಿಣ ಭಾರತದ ಸಮುದಾಯಗಳನ್ನು ಮನಸ್ಸಿನಲ್ಲಿಟ್ಟು ಬರೆಯಲಾಗಿದೆ. ಹೊರದೇಶದ ಪ್ರಕರಣಗಳಿಂದ ನಮಗೆ ತಿಳಿಯಬೇಕಾದದ್ದು ಇರುವ ಕಡೆ ಮಾತ್ರ ಅವುಗಳ ಪ್ರಸ್ತಾಪ ಬಂದಿದೆ.

ಆರೋಪಿಯ ಡಿಎನ್‌ಎ ಹೊಂದಿಕೆಯಾಯಿತು ಎಂದಮೇಲೆ ಮುಗಿಯಿತಲ್ಲವೇ? ಸಮುದಾಯದ ಮಾತು ಏಕೆ ಬರುತ್ತದೆ?

ಹೊಂದಿಕೆಯಾಯಿತು ಎಂಬುದು ಅರ್ಧ ಮಾತು. ಘಟನಾ ಸ್ಥಳದಲ್ಲಿ ಸಿಕ್ಕ ರಕ್ತದ ಕಲೆಯನ್ನು ಬಿಟ್ಟವನು ಈ ಆರೋಪಿ ಅಲ್ಲದೆ ಬೇರೊಬ್ಬನಾಗಿದ್ದರೆ, ಆ ಬೇರೊಬ್ಬನಲ್ಲಿಯೂ ಇದೇ ವಿನ್ಯಾಸ ಕಾಣಿಸುವ ಸಾಧ್ಯತೆ ಎಷ್ಟು ಎಂಬುದು ಉಳಿದ ಅರ್ಧ. ಪ್ರಯೋಗಾಲಯದ ವರದಿಯ ಕೊನೆಯಲ್ಲಿ ಬರುವ "ಇಷ್ಟು ಕೋಟಿಯಲ್ಲಿ ಒಬ್ಬ" ಎಂಬ ಸಂಖ್ಯೆ ಈ ಎರಡನೆಯ ಪ್ರಶ್ನೆಗೆ ಉತ್ತರ. ಈ ಸಂಖ್ಯೆಯನ್ನು ಯಾರೂ ನೇರವಾಗಿ ಎಣಿಸಿ ನೋಡಿರುವುದಿಲ್ಲ. ಡಿಎನ್‌ಎಯ ಯಾವ ರೂಪ ಎಷ್ಟು ಸಾಮಾನ್ಯ ಎಂದು ತೋರಿಸುವ, ಕೆಲವು ನೂರು ಜನರ ಮಾದರಿಯಿಂದ ತಯಾರಿಸಿದ ಕೋಷ್ಟಕವೊಂದನ್ನು ಆಧರಿಸಿ ಗುಣಾಕಾರದಿಂದ ಅದನ್ನು ಪಡೆಯುತ್ತಾರೆ. ಆ ಕೆಲವು ನೂರು ಜನ ಯಾರು, ಯಾವ ಸಮುದಾಯದವರು, ಅವರು ಯಾರನ್ನು ಪ್ರತಿನಿಧಿಸುತ್ತಾರೆ ಎಂಬಲ್ಲಿಗೆ ಸಮುದಾಯದ ಮಾತು ಬಂದೇ ಬರುತ್ತದೆ.

ಪ್ರಯೋಗಾಲಯದವರು ನಿಜವಾಗಿ ಅಳೆಯುವುದು ಏನನ್ನು?

ನಮ್ಮ ವರ್ಣತಂತುಗಳ ಕೆಲವು ತಾಣಗಳಲ್ಲಿ ಡಿಎನ್‌ಎಯ ಒಂದು ಪುಟ್ಟ ತುಣುಕು ಒಂದರ ಹಿಂದೆ ಒಂದರಂತೆ ಹಲವು ಸಲ ಮರುಕಳಿಸುತ್ತದೆ. ಇವನ್ನು ಎಸ್‌ಟಿಆರ್ ತಾಣಗಳು ಎನ್ನುತ್ತಾರೆ. ಹನ್ನೊಂದನೆಯ ವರ್ಣತಂತುವಿನ ಮೇಲಿರುವ ಟಿಎಚ್‌01 ಎಂಬ ತಾಣವನ್ನೇ ನೋಡೋಣ. ಅಲ್ಲಿ ನಾಲ್ಕು ಅಕ್ಷರಗಳ ತುಣುಕೊಂದು ಒಬ್ಬರಲ್ಲಿ ಆರು ಸಲ, ಮತ್ತೊಬ್ಬರಲ್ಲಿ ಒಂಬತ್ತು ಸಲ ಬಂದಿರಬಹುದು. ಒಂಬತ್ತು ಪೂರ್ಣ ತುಣುಕುಗಳ ಜೊತೆಗೆ ಮೂರೇ ಅಕ್ಷರಗಳ ಒಂದು ಮುರುಕು ತುಣುಕು ಸೇರಿರುವ ರೂಪವೂ ಉಂಟು, ಅದನ್ನು 9.3 ಎಂದು ಬರೆಯುತ್ತಾರೆ. ಪ್ರತಿಯೊಬ್ಬರಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬರುವುದರಿಂದ ವರದಿಯಲ್ಲಿ ಈ ತಾಣದ ಎದುರು "6, 9.3" ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಎರಡೂ ಒಂದೇ ಆಗಿದ್ದರೆ "9, 9" ಎಂದಿರುತ್ತದೆ. ಹೀಗೆ ಒಂದೇ ತಾಣದಲ್ಲಿ ಕಾಣುವ ಬೇರೆ ಬೇರೆ ರೂಪಗಳಿಗೆ ಆಲೀಲ್ ಎಂಬ ಹೆಸರಿದೆ.

ಅಮೆರಿಕದ ಎಫ್‌ಬಿಐ ತನ್ನ ದತ್ತಾಂಶ ಕೋಶಕ್ಕೆ ಮೊದಲು 13 ತಾಣಗಳನ್ನು ಆರಿಸಿಕೊಂಡಿತ್ತು. 2017ರ ಜನವರಿಯಿಂದ ಅವು 20 ಆದವು. ನಮ್ಮ ಪ್ರಯೋಗಾಲಯಗಳು ಬಳಸುವ ಕಿಟ್‌ಗಳಲ್ಲಿಯೂ ಬಹುಮಟ್ಟಿಗೆ ಇವೇ ತಾಣಗಳಿವೆ. ಮೈಬಣ್ಣ, ಎತ್ತರ, ರೋಗ ಇವುಗಳಲ್ಲಿ ಯಾವುದನ್ನೂ ಹೇಳಲೆಂದು ಆರಿಸಿದ ತಾಣಗಳು ಇವಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ತುಂಬ ಬದಲಾಗುತ್ತವೆ ಎಂಬ ಒಂದೇ ಗುಣಕ್ಕಾಗಿ ಇವನ್ನು ಆರಿಸಲಾಗಿದೆ.

ಒಂದೇ ನಾಡಿನಲ್ಲಿ ಬದುಕುವ ಸಮುದಾಯಗಳ ನಡುವೆ ಡಿಎನ್‌ಎ ವ್ಯತ್ಯಾಸ ಎಷ್ಟಿರುತ್ತದೆ?

ಜನ ಅಂದುಕೊಳ್ಳುವುದಕ್ಕಿಂತ ಬಹಳ ಕಡಿಮೆ. 1972ರಲ್ಲಿ ಅಮೆರಿಕದ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ರಕ್ತದ ಪ್ರೋಟೀನುಗಳನ್ನೂ ರಕ್ತದ ಗುಂಪುಗಳನ್ನೂ ಲೆಕ್ಕ ಹಾಕಿ, ಮನುಷ್ಯರ ನಡುವಿನ ಒಟ್ಟು ವ್ಯತ್ಯಾಸದಲ್ಲಿ ಶೇಕಡಾ 85ರಷ್ಟು ಯಾವುದೇ ಒಂದು ಜನಸಮುದಾಯದ ಒಳಗೇ ಇದೆ ಎಂದು ತೋರಿಸಿದರು. 2002ರಲ್ಲಿ ಜಗತ್ತಿನ 52 ಜನಸಮುದಾಯಗಳಲ್ಲಿ, ಎಸ್‌ಟಿಆರ್ ಬಗೆಯ 377 ತಾಣಗಳನ್ನು ನೋಡಿದ ಅಧ್ಯಯನದಲ್ಲಿ ಈ ಪ್ರಮಾಣ ಶೇಕಡಾ 93ರಿಂದ 95ಕ್ಕೆ ಏರಿತು.

ಕರ್ನಾಟಕದ್ದೇ ಒಂದು ಉದಾಹರಣೆ ಇದೆ. ಕೋಲ್ಕತ್ತಾದ ಕೇಂದ್ರ ವಿಧಿವಿಜ್ಞಾನ ಪ್ರಯೋಗಾಲಯದ ಸಂಶೋಧಕರು ಅಯ್ಯಂಗಾರ್, ಲಿಂಗಾಯತ, ಗೌಡ ಮತ್ತು ಮುಸ್ಲಿಂ ಸಮುದಾಯಗಳವರ ಮಾದರಿಗಳಲ್ಲಿ 15 ಎಸ್‌ಟಿಆರ್ ತಾಣಗಳನ್ನು ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಚಾರ, ಆಹಾರ, ಮದುವೆಯ ಕಟ್ಟುಪಾಡು ಎಲ್ಲದರಲ್ಲೂ ದೂರ ದೂರ ಇರುವ ಈ ನಾಲ್ಕು ಸಮುದಾಯಗಳಲ್ಲಿಯೂ ಹೆಚ್ಚಿನ ವ್ಯತ್ಯಾಸ ಆಯಾ ಸಮುದಾಯದ ವ್ಯಕ್ತಿ ವ್ಯಕ್ತಿಗಳ ನಡುವೆಯೇ ಕಂಡಿತು, ನಾಲ್ವರಿಗೂ ಸಮಾನ ಮೂಲ ಇರುವುದನ್ನೇ ಅಂಕಿಅಂಶಗಳು ಸೂಚಿಸಿದವು. ಒಂದೇ ಕೇರಿಯ ಇಬ್ಬರು ಅಪರಿಚಿತರ ನಡುವಿನ ಅಂತರವೂ, ಆ ಕೇರಿ ಮತ್ತು ಪಕ್ಕದ ಕೇರಿಯ ಇಬ್ಬರ ನಡುವಿನ ಅಂತರವೂ ಹೆಚ್ಚುಕಡಿಮೆ ಒಂದೇ ಎಂದು ಇದರ ಅರ್ಥ.

ಹಾಗಿದ್ದರೆ ಭಾರತದ ವಿಷಯದಲ್ಲಿ ವಿಶೇಷ ಎಚ್ಚರ ಬೇಕೆಂದು ಏಕೆ ಹೇಳುತ್ತಾರೆ?

ಸಣ್ಣ ವ್ಯತ್ಯಾಸ ಎಂದರೆ ಶೂನ್ಯ ವ್ಯತ್ಯಾಸ ಅಲ್ಲ. ನಮ್ಮಲ್ಲಿ ಆ ಸಣ್ಣ ವ್ಯತ್ಯಾಸವೂ ಒಳಪಂಗಡದೊಳಗೇ ಹೆಣ್ಣು ಕೊಟ್ಟು ತರುವ ಪದ್ಧತಿಯಿಂದ ಶತಮಾನಗಟ್ಟಲೆ ಹೆಪ್ಪುಗಟ್ಟಿದೆ. ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಸಂಸ್ಥೆಯ ಲಾಲ್‌ಜಿ ಸಿಂಗ್, ತಂಗರಾಜ್ ಮೊದಲಾದವರು ಹಾರ್ವರ್ಡ್‌ನ ಸಂಶೋಧಕರೊಡನೆ ಸೇರಿ 2009ರಲ್ಲಿ ಪ್ರಕಟಿಸಿದ ಕೆಲಸ, ಇಂದಿನ ಬಹುಪಾಲು ಭಾರತೀಯರು ಎರಡು ಪ್ರಾಚೀನ ಜನಸಮೂಹಗಳ ಬೆರಕೆಯಿಂದ ಬಂದವರು ಎಂದು ತೋರಿಸಿತು. 2013ರಲ್ಲಿ ಮುಂದುವರಿದ ಅಧ್ಯಯನವು ಈ ಬೆರಕೆ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ನಡೆಯಿತೆಂದೂ, ಆಮೇಲೆ ಮದುವೆಯ ಬಾಗಿಲು ಮುಚ್ಚಿಕೊಂಡಿತೆಂದೂ ಲೆಕ್ಕ ಹಾಕಿತು.

ಬಾಗಿಲು ಮುಚ್ಚಿದ ಮನೆಯೊಳಗೆ ಕೆಲವು ಆಲೀಲ್‌ಗಳು ಆಕಸ್ಮಿಕವಾಗಿಯೇ ಹೆಚ್ಚುತ್ತವೆ, ಕೆಲವು ಅಳಿದುಹೋಗುತ್ತವೆ. 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದ ಅಧ್ಯಯನದಲ್ಲಿ 81 ಗುಂಪುಗಳು ಕೆಲವೇ ಪೂರ್ವಜರಿಂದ ಬೆಳೆದು ಬಂದಿರುವ ಗುರುತು, ಈ ವಿಷಯದಲ್ಲಿ ಹೆಸರಾದ ಫಿನ್ಲೆಂಡಿನವರಿಗಿಂತಲೂ ಅಶ್ಕನಾಜಿ ಯಹೂದಿಗಳಿಗಿಂತಲೂ ಬಲವಾಗಿ ಕಂಡಿತು. ಆಂಧ್ರ, ತೆಲಂಗಾಣಗಳಲ್ಲಿ ಹೆಚ್ಚಾಗಿಯೂ ನಮ್ಮಲ್ಲಿಯೂ ಇರುವ ವೈಶ್ಯ ಸಮುದಾಯ ಇದಕ್ಕೆ ಒಳ್ಳೆಯ ಉದಾಹರಣೆ. ಎರಡು ಮೂರು ಸಾವಿರ ವರ್ಷಗಳ ಹಿಂದೆಯೇ ಈ ಸಮುದಾಯ ಸಣ್ಣ ಗುಂಪಾಗಿ ಬೇರ್ಪಟ್ಟದ್ದರಿಂದ, ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಡುವ ಒಂದು ಔಷಧವನ್ನು ಕರಗಿಸುವ ಕಿಣ್ವದ ಕೊರತೆ ಇವರಲ್ಲಿ ಉಳಿದವರಿಗಿಂತ ಬಹಳ ಹೆಚ್ಚು. ಅರಿವಳಿಕೆ ತಜ್ಞರಿಗೆ ಇದು ಹಳೆಯ ಸಂಗತಿ. ರೋಗದ ವಿಷಯದಲ್ಲಿ ಕಂಡ ಈ ಪರಿಣಾಮ ಎಸ್‌ಟಿಆರ್ ತಾಣಗಳಿಗೂ ತಟ್ಟುತ್ತದೆ, ಆದರೆ ಅಲ್ಲಿ ಅದು ಕಣ್ಣಿಗೆ ಬೀಳದೆ ಲೆಕ್ಕದೊಳಗೆ ಅಡಗಿರುತ್ತದೆ.

ಅದು ಲೆಕ್ಕದಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ? ಒಂದು ಉದಾಹರಣೆ ಕೊಡಿ.

ಇಡೀ ರಾಜ್ಯದ ಕೋಷ್ಟಕವೊಂದರಲ್ಲಿ ಒಂದು ಆಲೀಲ್ ನೂರಕ್ಕೆ ಐದರಷ್ಟು, ಅಂದರೆ 0.05ರ ಪ್ರಮಾಣದಲ್ಲಿ ಇದೆ ಎಂದುಕೊಳ್ಳಿ. ಕಲೆಯಲ್ಲಿಯೂ ಆರೋಪಿಯಲ್ಲಿಯೂ ಈ ಆಲೀಲ್ ಎರಡೂ ಪ್ರತಿಗಳಲ್ಲಿ ಬಂದಿದೆ. ಸರಳ ಗುಣಾಕಾರದ ಪ್ರಕಾರ 0.05ನ್ನು 0.05ರಿಂದ ಗುಣಿಸಿದರೆ 0.0025, ಅಂದರೆ 400 ಜನರಲ್ಲಿ ಒಬ್ಬ. ಈ ಗುಣಾಕಾರದ ಹಿಂದೆ ಒಂದು ಊಹೆ ಇದೆ: ರಾಜ್ಯದ ಜನ ಯಾರನ್ನು ಬೇಕಾದರೂ ಮದುವೆಯಾಗುತ್ತಾರೆ, ಆದ್ದರಿಂದ ತಾಯಿಯ ಆಲೀಲ್‌ಗೂ ತಂದೆಯ ಆಲೀಲ್‌ಗೂ ಸಂಬಂಧವಿಲ್ಲ. ನಮ್ಮ ಊರುಗಳನ್ನು ಬಲ್ಲ ಯಾರೂ ಇದನ್ನು ಒಪ್ಪುವುದಿಲ್ಲ. ಒಂದು ಒಳಪಂಗಡದಲ್ಲಿ ಆ ಆಲೀಲ್ ನೂರಕ್ಕೆ ಹದಿನೈದರಷ್ಟಿದ್ದು ಉಳಿದವರಲ್ಲಿ ಇಲ್ಲವೇ ಇಲ್ಲದಂತಿದ್ದರೆ, ಎಲ್ಲರನ್ನೂ ಕಲೆಸಿ ತೆಗೆದ ಸರಾಸರಿ ಐದು ಎಂಬುದು ಆ ಒಳಪಂಗಡದವನೊಬ್ಬನಿಗೆ ಅನ್ಯಾಯ ಮಾಡುತ್ತದೆ.

ಇದನ್ನು ಸರಿಪಡಿಸಲು ಡೇವಿಡ್ ಬಾಲ್ಡಿಂಗ್ ಮತ್ತು ರಿಚರ್ಡ್ ನಿಕೋಲ್ಸ್ 1994ರಲ್ಲಿ ಕೊಟ್ಟ ಸೂತ್ರ ಈಗ ಬಹಳ ಕಡೆ ಬಳಕೆಯಲ್ಲಿದೆ. ಅದರಲ್ಲಿ ಥೀಟಾ ಎಂಬ ಒಂದು ಸಂಖ್ಯೆ ಇದೆ. ಒಂದೇ ಉಪಸಮುದಾಯದ ಇಬ್ಬರಿಂದ ತೆಗೆದ ಎರಡು ಆಲೀಲ್‌ಗಳು ಹಿಂದಿನ ಒಬ್ಬನೇ ಪೂರ್ವಜನಿಂದ ಬಂದಿರುವ ಸಾಧ್ಯತೆಯನ್ನು ಅದು ಸೂಚಿಸುತ್ತದೆ. ಕಲೆ ಬಿಟ್ಟವನೂ ಆರೋಪಿಯೂ ಒಂದೇ ಪಂಗಡದವರಾಗಿದ್ದರೆ, ಆರೋಪಿಯಲ್ಲಿ ಈ ಆಲೀಲನ್ನು ಕಂಡಾಗಲೇ ಆ ಪಂಗಡದಲ್ಲಿ ಅದು ಕೋಷ್ಟಕದಲ್ಲಿರುವುದಕ್ಕಿಂತ ಹೆಚ್ಚಾಗಿರಬಹುದು ಎಂಬ ಸುಳಿವು ಸಿಕ್ಕಂತೆ. ಸೂತ್ರವು ಆ ಸುಳಿವನ್ನು ಲೆಕ್ಕಕ್ಕೆ ಸೇರಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಥೀಟಾ 0.01 ಎಂದಿಟ್ಟರೆ 400ರಲ್ಲಿ ಒಬ್ಬ ಎಂಬುದು ಸುಮಾರು 186ರಲ್ಲಿ ಒಬ್ಬ ಎಂದಾಗುತ್ತದೆ. ಥೀಟಾ 0.03 ಎಂದಿಟ್ಟರೆ ಸುಮಾರು 73ರಲ್ಲಿ ಒಬ್ಬ. ಒಂದೇ ತಾಣದಲ್ಲಿ ಐದು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ! ಎರಡು ಬೇರೆ ಬೇರೆ ಆಲೀಲ್‌ಗಳಿರುವ ತಾಣದಲ್ಲಿ ಪರಿಣಾಮ ಇಷ್ಟು ತೀವ್ರವಲ್ಲ. 0.1 ಮತ್ತು 0.2 ಪ್ರಮಾಣದ ಎರಡು ಆಲೀಲ್‌ಗಳಿದ್ದರೆ 25ರಲ್ಲಿ ಒಬ್ಬ (ಯಾವುದು ತಾಯಿಯಿಂದ, ಯಾವುದು ತಂದೆಯಿಂದ ಎಂಬುದಕ್ಕೆ ಎರಡು ಬಗೆ ಇರುವುದರಿಂದ ಗುಣಲಬ್ಧವನ್ನು ಎರಡು ಪಟ್ಟು ಮಾಡಬೇಕು) ಎಂಬುದು, ಥೀಟಾ 0.03ರಲ್ಲಿ ಸುಮಾರು 19ರಲ್ಲಿ ಒಬ್ಬ ಎಂದಾಗುತ್ತದೆ, ಅಷ್ಟೆ.

ಹೀಗೆ ಒಂದೊಂದು ತಾಣಕ್ಕೂ ಬಂದ ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಿ ಒಟ್ಟು ಸಂಖ್ಯೆ ಪಡೆಯುತ್ತಾರೆ. ಇಪ್ಪತ್ತು ತಾಣಗಳೂ ಪೂರ್ಣವಾಗಿ ಸಿಕ್ಕಿದ್ದರೆ ಈ ತಿದ್ದುಪಡಿಯ ನಂತರವೂ ಸಂಖ್ಯೆ ಕೋಟಿ ಕೋಟಿಯಲ್ಲಿ ಒಬ್ಬ ಎಂಬ ಮಟ್ಟದಲ್ಲೇ ಉಳಿಯುತ್ತದೆ. ಆದರೆ ಮಳೆಯಲ್ಲಿ ನೆನೆದ, ಬಿಸಿಲಿಗೆ ಬಿದ್ದ, ತಿಂಗಳುಗಟ್ಟಲೆ ಠಾಣೆಯ ಮುದ್ದೆಮಾಲು ಕೋಣೆಯಲ್ಲಿ ಕುಳಿತ ಮಾದರಿಯಿಂದ ಆರೇಳು ತಾಣ ಮಾತ್ರ ಸಿಕ್ಕಾಗ ಇದೇ ತಿದ್ದುಪಡಿ ತೀರ್ಪಿನ ದಿಕ್ಕನ್ನೇ ಬದಲಿಸಬಲ್ಲದು.

ಈ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತ ಇದೆಯೇ?

ಈಗ ಬಹುಮಟ್ಟಿಗೆ ಇದೆ, ಆದರೆ ಅದು ಜಗಳವಾಡಿಯೇ ಬಂದದ್ದು. 1991ರಲ್ಲಿ ಲೆವೊಂಟಿನ್ ಮತ್ತು ಡೇನಿಯಲ್ ಹಾರ್ಟ್ಲ್, ಉಪಸಮುದಾಯಗಳ ನಡುವಿನ ವ್ಯತ್ಯಾಸವನ್ನು ಕಡೆಗಣಿಸಿ ನ್ಯಾಯಾಲಯಕ್ಕೆ ಸಂಖ್ಯೆ ಕೊಡುವುದು ತಪ್ಪು ಎಂದು ಬರೆದರು. ಅದಕ್ಕೆ ಪ್ರತಿವಾದ ಬರೆದ ಇಬ್ಬರಲ್ಲಿ ಒಬ್ಬರು ಕೋಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಕಲಿತ ರಣಜಿತ್ ಚಕ್ರವರ್ತಿ. ವಾದ ಎಷ್ಟು ಬಿಸಿಯಾಯಿತೆಂದರೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1992ರಲ್ಲಿ ಒಂದು ವರದಿ ಕೊಟ್ಟು, ಅದೂ ಟೀಕೆಗೆ ಗುರಿಯಾಗಿ, 1996ರಲ್ಲಿ ಮತ್ತೊಂದು ವರದಿ ಕೊಡಬೇಕಾಯಿತು. ಸಾಮಾನ್ಯ ಜನಸಂಖ್ಯೆಗೆ ಥೀಟಾ 0.01, ಸಣ್ಣ ಮತ್ತು ಪ್ರತ್ಯೇಕವಾಗಿ ಬದುಕುವ ಗುಂಪುಗಳಿಗೆ 0.03 ಎಂಬ ರೂಢಿ ಆ ಎರಡನೆಯ ವರದಿಯಿಂದ ಬಂದದ್ದು. ಒಳಪಂಗಡಗಳು ಇಷ್ಟೊಂದಿರುವ ನಮ್ಮ ದೇಶದಲ್ಲಿ 0.03ನ್ನೇ ಸಾಮಾನ್ಯ ನಿಯಮವಾಗಿ ಇಟ್ಟುಕೊಳ್ಳುವುದು ನ್ಯಾಯ ಎಂಬುದು ಇದನ್ನು ಬರೆಯುತ್ತಿರುವವರ ಅಭಿಪ್ರಾಯ. ಸಂಖ್ಯೆ ಸ್ವಲ್ಪ ಸಣ್ಣದಾದರೆ ನಿಜವಾದ ಅಪರಾಧಿ ತಪ್ಪಿಸಿಕೊಳ್ಳುವುದಿಲ್ಲ. ಅದು ಅನ್ಯಾಯವಾಗಿ ದೊಡ್ಡದಾದರೆ ನಿರಪರಾಧಿ ಸಿಕ್ಕಿಬೀಳಬಹುದು.

ಹಾಗಾದರೆ ಆರೋಪಿಯ ಜಾತಿ ಕೇಳಿ, ಆ ಜಾತಿಯ ಕೋಷ್ಟಕವನ್ನೇ ಬಳಸಬೇಕೇ?

ಬೇಡ. ಅನುಭವಿಗಳೂ ಇಲ್ಲಿ ಎಡವುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು. ನಾವು ಕೇಳುತ್ತಿರುವುದು "ಆರೋಪಿ ಅಲ್ಲದಿದ್ದರೆ ಮತ್ತೆ ಯಾರು" ಎಂಬ ಪ್ರಶ್ನೆ. ಆ ಮತ್ತೊಬ್ಬ ಯಾವ ಸಮುದಾಯದವನಾಗಿರಬಹುದು ಎಂಬುದು ಘಟನೆಯ ಸಂದರ್ಭದಿಂದ ನಿರ್ಧಾರವಾಗುತ್ತದೆಯೇ ಹೊರತು ಆರೋಪಿಯ ಜಾತಿ ಪ್ರಮಾಣಪತ್ರದಿಂದ ಅಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಡೆದ ಅಪರಾಧಕ್ಕೆ ಇಡೀ ರಾಜ್ಯದ, ಹೊರರಾಜ್ಯದ ಜನರೆಲ್ಲ ಸಂಭಾವ್ಯರು. ಅಲ್ಲಿ ಸಾಮಾನ್ಯ ಕೋಷ್ಟಕವೇ ಸರಿ. ಯಲ್ಲಾಪುರದ ಕಾಡಂಚಿನಲ್ಲಿ, ಸಿದ್ದಿಗಳ ಹತ್ತಾರು ಮನೆಗಳಷ್ಟೇ ಇರುವ ಹಾಡಿಯಲ್ಲಿ, ಹೊರಗಿನವರು ಬಂದಿರುವ ಸಾಧ್ಯತೆ ಇಲ್ಲದ ರಾತ್ರಿ ಏನಾದರೂ ನಡೆದರೆ, ಸಂಭಾವ್ಯರೆಲ್ಲ ಆ ಸಣ್ಣ ಸಮುದಾಯದವರೇ ಆಗಿರುವುದರಿಂದ ಥೀಟಾ ಹೆಚ್ಚಿಸಲೇಬೇಕು, ಸಾಧ್ಯವಿದ್ದರೆ ಆ ಸಮುದಾಯದ ಕೋಷ್ಟಕವನ್ನೇ ನೋಡಬೇಕು.

ಒಳ್ಳೆಯ ವರದಿಯು ಲಭ್ಯವಿರುವ ಕೋಷ್ಟಕಗಳಲ್ಲಿ ಪ್ರತಿಯೊಂದನ್ನೂ ಬಳಸಿ ಲೆಕ್ಕ ಹಾಕಿ, ಆರೋಪಿಗೆ ಅತ್ಯಂತ ಅನುಕೂಲವಾದ ಸಂಖ್ಯೆಯನ್ನು ಮುಂದಿಡುತ್ತದೆ. ಹಾಗೆ ಮಾಡಿದಾಗ ಆರೋಪಿಯ ಜಾತಿಯನ್ನು ಬರೆದುಕೊಳ್ಳುವ ಅಗತ್ಯವೇ ಬರುವುದಿಲ್ಲ. ಸಮುದಾಯದ ಹೆಸರು ಕೋಷ್ಟಕದ ತಲೆಬರಹದಲ್ಲಿ ಇರಲಿ, ಆರೋಪಿಯ ಕಡತದಲ್ಲಿ ಬೇಡ.

ಕೋಷ್ಟಕದಲ್ಲಿ ಎಷ್ಟು ಜನರ ಮಾದರಿ ಇದ್ದರೆ ಸಾಕು?

ಸಾಮಾನ್ಯವಾಗಿ ಪ್ರಕಟವಾಗುವ ಕೋಷ್ಟಕಗಳು ಒಂದೊಂದು ಸಮುದಾಯದ ನೂರಿನ್ನೂರು ಜನರವು. ಸಾಮಾನ್ಯ ಆಲೀಲ್‌ಗಳಿಗೆ ಇದು ಸಾಕು. ಅಪರೂಪದ ಆಲೀಲ್ ಒಂದು ಆ ನೂರು ಜನರಲ್ಲಿ ಕಾಣದೇ ಇದ್ದರೆ ಅದರ ಪ್ರಮಾಣ ಸೊನ್ನೆ ಎನ್ನಲಾಗದು. ಅದಕ್ಕಾಗಿ, ಯಾವ ಆಲೀಲನ್ನೂ ಐದು ಸಲಕ್ಕಿಂತ ಕಡಿಮೆ ಕಂಡದ್ದೆಂದು ಎಣಿಸಬಾರದು ಎಂಬ ರೂಢಿ ಇದೆ. ನೂರು ಜನರಲ್ಲಿ ಇನ್ನೂರು ಪ್ರತಿಗಳಿರುವುದರಿಂದ ಕನಿಷ್ಠ ಪ್ರಮಾಣ 0.025 ಆಗುತ್ತದೆ.

ನಮ್ಮಲ್ಲಿ ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ಮದುವೆಯಾಗುತ್ತಾರೆ. ಇದರಿಂದ ಡಿಎನ್‌ಎ ಪರೀಕ್ಷೆ ತಪ್ಪಾಗುತ್ತದೆಯೇ?

ಪರೀಕ್ಷೆ ತಪ್ಪಾಗುವುದಿಲ್ಲ, ಅದರ ಅರ್ಥ ಹೇಳುವ ಲೆಕ್ಕ ತಪ್ಪಾಗಬಹುದು. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಹೆರಿಗೆಗಳನ್ನು ಆಧರಿಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದಾಗಿತ್ತು. ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗಿ ಹುಟ್ಟಿದ ಮಗುವಿನಲ್ಲಿ, ಯಾವುದೇ ತಾಣದ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಾಧ್ಯತೆ 8ರಲ್ಲಿ 1. ಸೋದರತ್ತೆ ಅಥವಾ ಸೋದರಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದು 16ರಲ್ಲಿ 1. ಹಿಂದಿನ ಉದಾಹರಣೆಯ 0.05 ಪ್ರಮಾಣದ ಆಲೀಲ್ ಎರಡೂ ಪ್ರತಿಗಳಲ್ಲಿ ಬರುವ ಸಾಧ್ಯತೆ ಅಪರಿಚಿತರ ಮಗುವಿನಲ್ಲಿ 400ರಲ್ಲಿ 1 ಆದರೆ, ಸೋದರಮಾವ ಮತ್ತು ಅಕ್ಕನ ಮಗಳಿಗೆ ಹುಟ್ಟಿದ ಮಗುವಿನಲ್ಲಿ ಸುಮಾರು 119ರಲ್ಲಿ 1.

ಪಿತೃತ್ವದ ವಿವಾದದಲ್ಲಿ ಇದು ಇನ್ನೂ ಗಂಭೀರ. ಸಾಮಾನ್ಯ ಲೆಕ್ಕವು ತಾಯಿಗೂ ಆಪಾದಿತ ತಂದೆಗೂ ರಕ್ತಸಂಬಂಧವಿಲ್ಲ ಎಂದುಕೊಂಡೇ ಹೊರಡುತ್ತದೆ. ಅವರಿಬ್ಬರೂ ಸೋದರಮಾವ ಮತ್ತು ಅಕ್ಕನ ಮಗಳ ಸಂಬಂಧದವರಾದರೆ ಎಷ್ಟೋ ತಾಣಗಳಲ್ಲಿ ಇಬ್ಬರಲ್ಲೂ ಒಂದೇ ಆಲೀಲ್ ಇರುತ್ತದೆ, ಮಗುವಿಗೆ ಅದು ಯಾರಿಂದ ಬಂತೆಂದು ಬೇರ್ಪಡಿಸಲು ಆಗುವುದಿಲ್ಲ. ನಿಜವಾದ ತಂದೆ ಆಪಾದಿತನ ಅಣ್ಣನೋ ತಮ್ಮನೋ ಆಗಿದ್ದರೆ ಹೊಂದಿಕೆಯಾಗದ ತಾಣಗಳು ಒಂದೋ ಎರಡೋ ಮಾತ್ರ ಸಿಗಬಹುದು, ಅವಸರದಲ್ಲಿ ಅದನ್ನು ಸಹಜ ರೂಪಾಂತರ (ಮ್ಯುಟೇಶನ್) ಎಂದು ತಳ್ಳಿಹಾಕುವ ಅಪಾಯವಿದೆ. ಆದ್ದರಿಂದ ರಕ್ತದ ಮಾದರಿ ತೆಗೆಯುವಾಗ ತುಂಬಿಸುವ ನಮೂನೆಯಲ್ಲಿ "ಇವರಿಬ್ಬರೂ ಮದುವೆಗೆ ಮೊದಲು ಏನಾಗಬೇಕು" ಎಂಬ ಪ್ರಶ್ನೆ ಇರಲೇಬೇಕು. ಜಾತಿಯ ಅಂಕಣಕ್ಕಿಂತ ಈ ಅಂಕಣ ಎಷ್ಟೋ ಪಾಲು ಉಪಯುಕ್ತ.

2010ರ ಮೇ 22ರಂದು ಮಂಗಳೂರಿನಲ್ಲಿ ನಡೆದ ವಿಮಾನ ದುರಂತದಲ್ಲಿ 158 ಮಂದಿ ತೀರಿಕೊಂಡಾಗ, ಸುಟ್ಟು ಗುರುತು ಸಿಗದ ದೇಹಗಳನ್ನು ಹೈದರಾಬಾದಿನ ಸಿಡಿಎಫ್‌ಡಿ (ಡಿಎನ್‌ಎ ಬೆರಳಚ್ಚು ಮತ್ತು ರೋಗನಿರ್ಣಯ ಕೇಂದ್ರ) ಸಂಸ್ಥೆಯ ನೆರವಿನಿಂದ ಡಿಎನ್‌ಎ ಮೂಲಕ ಗುರುತಿಸುವ ಪ್ರಯತ್ನ ನಡೆಯಿತು. ಒಂದೇ ಸೀಮೆಯ, ಒಂದೇ ಕುಟುಂಬದ ಹಲವರು ಒಟ್ಟಿಗೆ ತೀರಿಕೊಳ್ಳುವ ಇಂಥ ದುರಂತಗಳಲ್ಲಿ ಒಬ್ಬ ಬಂಧುವಿನ ರಕ್ತ ಸಾಲದು. ತಂದೆ, ತಾಯಿ, ಒಡಹುಟ್ಟಿದವರು ಹೀಗೆ ಸಿಕ್ಕವರೆಲ್ಲರ ಮಾದರಿ ಬೇಕಾಗುತ್ತದೆ.

ವೈ ವರ್ಣತಂತು ಮತ್ತು ಮೈಟೊಕಾಂಡ್ರಿಯಾದ ಪರೀಕ್ಷೆಗಳಿಗೂ ಇದೇ ಮಾತು ಅನ್ವಯಿಸುತ್ತದೆಯೇ?

ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಇಡಿಯಾಗಿ ಬರುತ್ತದೆ. ಲೈಂಗಿಕ ಅಪರಾಧಗಳಲ್ಲಿ ಹೆಣ್ಣಿನ ಡಿಎನ್‌ಎ ನಡುವೆ ಗಂಡಿನ ಅಲ್ಪ ಅಂಶವನ್ನು ಹುಡುಕಲು ಈ ಪರೀಕ್ಷೆಯೇ ದಾರಿ. ಆದರೆ ಅದು ಹೊಂದಿಕೆಯಾದರೆ ಆರೋಪಿಯ ತಂದೆ, ಅಣ್ಣತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪಂದಿರು, ಅವರ ಗಂಡುಮಕ್ಕಳು ಎಲ್ಲರಿಗೂ ಹೊಂದಿಕೆಯಾಗುತ್ತದೆ. ದಾಯಾದಿಗಳೇ ಅರ್ಧ ಊರು ತುಂಬಿರುವ ಕಡೆ ಇದು ವ್ಯಕ್ತಿಯ ಗುರುತಲ್ಲ, ಮನೆತನದ ಗುರುತು. ಇಲ್ಲಿ ತಾಣಗಳನ್ನು ಗುಣಿಸುವಂತಿಲ್ಲ, ಇಡೀ ವಿನ್ಯಾಸವನ್ನು ದತ್ತಾಂಶದಲ್ಲಿ ಎಣಿಸಬೇಕು. ಸಾವಿರ ಗಂಡಸರಲ್ಲಿ ಒಮ್ಮೆಯೂ ಕಾಣದಿದ್ದರೂ, ಸಾವಿರಕ್ಕೆ ಮೂರರವರೆಗೆ ಇರಬಹುದು ಎಂದೇ ಹೇಳಬೇಕಾಗುತ್ತದೆ.

ಮೈಟೊಕಾಂಡ್ರಿಯಾ ಎಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಅಂಗ, ಅದರ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಅಳಿಯಸಂತಾನ ಪದ್ಧತಿಯ ತುಳುನಾಡಿನಲ್ಲಿ ತಾಯಿಯ ಕಡೆಯಿಂದ ಬೆಳೆದ ಕುಟುಂಬದ ಸದಸ್ಯರೆಲ್ಲರೂ, ಗಂಡಸರೂ ಸೇರಿ, ಒಂದೇ ವಿನ್ಯಾಸವನ್ನು ಹಂಚಿಕೊಂಡಿರುವುದನ್ನು ನಿರೀಕ್ಷಿಸಬೇಕು. ಅದೇ ಊರಿನ ಪಿತೃವಂಶೀಯ ಕುಟುಂಬದಲ್ಲಿ ಒಬ್ಬೊಬ್ಬ ಸೊಸೆಯೂ ಬೇರೆ ವಿನ್ಯಾಸ ತಂದಿರುತ್ತಾಳೆ. ಮದುವೆಯ ಪದ್ಧತಿ ತಿಳಿಯದವರು ಈ ಎರಡು ಪರೀಕ್ಷೆಗಳ ಫಲಿತಾಂಶವನ್ನು ಸರಿಯಾಗಿ ತೂಗಲಾರರು.

ಡಿಎನ್‌ಎ ನೋಡಿ ವ್ಯಕ್ತಿಯ ಜಾತಿ ಅಥವಾ ಧರ್ಮ ಹೇಳಬಹುದೇ?

ಇಲ್ಲ. ಟಿಎಚ್‌01 ತಾಣದ 9.3 ಆಲೀಲ್ ಯುರೋಪಿಯನ್ನರಲ್ಲಿ ನೂರಕ್ಕೆ ಸುಮಾರು ಮೂವತ್ತು, ಚೀನಾ ಜಪಾನ್ ಕಡೆಯವರಲ್ಲಿ ಐದಕ್ಕೂ ಕಡಿಮೆ. ಖಂಡಗಳ ನಡುವೆಯೇ ಇಷ್ಟು ಎದ್ದು ಕಾಣುವ ವ್ಯತ್ಯಾಸವಿದ್ದರೂ, 9.3 ಇರುವ ಒಬ್ಬ ವ್ಯಕ್ತಿ ಎಲ್ಲಿಯವನು ಎಂದು ಅದೊಂದರಿಂದ ಹೇಳಲಾಗದು. ಒಂದೇ ಜಿಲ್ಲೆಯ ಸಮುದಾಯಗಳ ವಿಷಯದಲ್ಲಂತೂ ಈ ಪ್ರಶ್ನೆಯೇ ನಿಲ್ಲುವುದಿಲ್ಲ. ಪೂರ್ವಜರ ಮೂಲ ತಿಳಿಯಲೆಂದೇ ಆರಿಸಿದ ಬೇರೆ ಬಗೆಯ ಗುರುತುಗಳಿವೆ. ಮೈಬಣ್ಣಕ್ಕೆ ಸಂಬಂಧಿಸಿದ ಎಸ್‌ಎಲ್‌ಸಿ24ಎ5 ಎಂಬ ವಂಶವಾಹಿಯ ಒಂದು ರೂಪ ಯುರೋಪಿನಲ್ಲಿ ಬಹುತೇಕ ಎಲ್ಲರಲ್ಲಿದೆ. ಸಿಸಿಎಂಬಿಯ ಸಂಶೋಧಕರು ಭಾರತದಲ್ಲಿ ಅದನ್ನು ಹುಡುಕಿದಾಗ ಉತ್ತರ ದಕ್ಷಿಣ ಎನ್ನದೆ, ಹೆಚ್ಚು ಕಡಿಮೆ ಪ್ರಮಾಣದಲ್ಲಿ ಎಲ್ಲ ಕಡೆಯೂ ಕಂಡಿತು.

ಉತ್ತರ ಕನ್ನಡದ ಸಿದ್ದಿಗಳಂಥವರ ವಿಷಯ ಸ್ವಲ್ಪ ಬೇರೆ. 2011ರಲ್ಲಿ ಪ್ರಕಟವಾದ ಅಧ್ಯಯನ ಅವರಲ್ಲಿ ಆಫ್ರಿಕಾದ ಬಂಟು ಜನರ, ಭಾರತೀಯರ ಮತ್ತು ಸ್ವಲ್ಪ ಯುರೋಪಿಯನ್ನರ ಅಂಶವನ್ನು ಗುರುತಿಸಿತು. ಇಲ್ಲಿ ಡಿಎನ್‌ಎ ಹೇಳುವುದು ಖಂಡದ ಮೂಲವನ್ನು. ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ ಎಂಬುದನ್ನು ಯಾವ ಎಸ್‌ಟಿಆರ್ ಕೂಡ ಹೇಳುವುದಿಲ್ಲ.

ಬೇರೆ ದೇಶಗಳಲ್ಲಿ ಕಲೆಯಿಂದಲೇ ಮೂಲ ಊಹಿಸಿ ತನಿಖೆ ನಡೆಸಿದ್ದಾರಂತೆ. ಅದು ಫಲ ಕೊಟ್ಟಿದೆಯೇ?

ಕೊಟ್ಟದ್ದೂ ಇದೆ, ದಾರಿ ತಪ್ಪಿಸಿದ್ದೂ ಇದೆ. 1999ರಲ್ಲಿ ನೆದರ್ಲೆಂಡ್ಸ್‌ನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ 16 ವರ್ಷದ ಹುಡುಗಿಯೊಬ್ಬಳ ಕೊಲೆಯಾಯಿತು. ಸ್ಥಳೀಯರ ಸಿಟ್ಟು ಹತ್ತಿರದ ನಿರಾಶ್ರಿತರ ಶಿಬಿರದ ಮೇಲೆ ತಿರುಗಿತು. ಸಿಕ್ಕ ವೀರ್ಯದ ವೈ ವರ್ಣತಂತುವನ್ನು ನೋಡಿದಾಗ ಅದು ವಾಯವ್ಯ ಯುರೋಪಿನ ಮೂಲವನ್ನು ಸೂಚಿಸಿತು, ಶಿಬಿರದವರ ಮೇಲಿನ ಅನುಮಾನ ಸಡಿಲಾಯಿತು. ಆ ದೇಶ 2003ರಲ್ಲಿ ಇಂಥ ಪರೀಕ್ಷೆಗೆ ಕಾನೂನಿನ ಚೌಕಟ್ಟು ಕೊಟ್ಟಿತು. 2012ರಲ್ಲಿ ಸುತ್ತಲಿನ ಸುಮಾರು ಎಂಟು ಸಾವಿರ ಗಂಡಸರನ್ನು ಸ್ವಇಚ್ಛೆಯಿಂದ ಮಾದರಿ ಕೊಡಲು ಕೇಳಿದಾಗ, ತಾನಾಗಿ ಬಂದು ಕೊಟ್ಟವರಲ್ಲೇ ಅಪರಾಧಿ ಸಿಕ್ಕಿದ. ಆತ ಅದೇ ಊರಿನ ಆಸುಪಾಸಿನ ರೈತ.

ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. 2007ರಲ್ಲಿ ಪೊಲೀಸ್ ಮಹಿಳೆಯೊಬ್ಬರ ಹತ್ಯೆಯಾದ ಸ್ಥಳದಲ್ಲಿ ಸಿಕ್ಕ ಹೆಣ್ಣಿನ ಡಿಎನ್‌ಎ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಸುಮಾರು 40 ಅಪರಾಧಗಳಲ್ಲಿ ಕಂಡಿತು. ಅನುಮಾನ ಅಲ್ಲಿ ಅಲೆಮಾರಿಗಳೆಂದು ಕರೆಸಿಕೊಳ್ಳುವ ರೋಮಾ ಮತ್ತು ಸಿಂತಿ ಸಮುದಾಯಗಳ ಮೇಲೆ ಬಿತ್ತು. 2009ರಲ್ಲಿ ತಿಳಿದದ್ದೇನೆಂದರೆ, ಆ ಡಿಎನ್‌ಎ ಮಾದರಿ ತೆಗೆಯುವ ಹತ್ತಿಯ ಕಡ್ಡಿಗಳ ಕಾರ್ಖಾನೆಯಿಂದಲೇ ಬಂದದ್ದು. ಹತ್ಯೆ ಮಾಡಿದವರು ನವನಾಜಿ ಗುಂಪಿನವರೆಂದು 2011ರಲ್ಲಿ ಹೊರಬಿತ್ತು. ಅಲೆಮಾರಿ ಸಮುದಾಯಗಳನ್ನು ಮೊದಲು ಅನುಮಾನಿಸುವ ಅಭ್ಯಾಸ ನಮ್ಮ ಪೊಲೀಸ್ ಠಾಣೆಗಳಿಗೂ ಹೊಸದಲ್ಲವಾದ್ದರಿಂದ ಈ ಪ್ರಕರಣವನ್ನು ನಮ್ಮ ತರಬೇತಿ ಶಾಲೆಗಳಲ್ಲಿ ಪಾಠವಾಗಿಯೇ ಹೇಳಬೇಕು.

ಕೋಷ್ಟಕ ಮಾಡಲು ರಕ್ತ ಕೊಟ್ಟವರ ಒಪ್ಪಿಗೆ ಇರುತ್ತದೆಯೇ?

ಇರಬೇಕು, ಎಲ್ಲ ಕಡೆಯೂ ಇದ್ದದ್ದಿಲ್ಲ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ವಾಯವ್ಯ ಭಾರತದಿಂದ ಹೊರಟ ರೋಮಾ ಜನರ ಮಾದರಿಗಳನ್ನು ಯುರೋಪಿನ ವಿಧಿವಿಜ್ಞಾನಿಗಳು ಅವರ ಜನಸಂಖ್ಯೆಗೆ ಮೀರಿದ ಪ್ರಮಾಣದಲ್ಲಿ ಸಂಗ್ರಹಿಸಿದ್ದನ್ನೂ, ಒಪ್ಪಿಗೆಯ ವಿಷಯದಲ್ಲಿ ಎಷ್ಟೋ ಕಡೆ ಲೋಪವಾದದ್ದನ್ನೂ 2021ರ ಒಂದು ಪರಿಶೀಲನೆ ಬಯಲಿಗೆ ತಂದಿತು. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಉಯಿಘರ್ ಜನರ ಡಿಎನ್‌ಎ ಸಂಗ್ರಹದ ಬಗ್ಗೆ ಟೀಕೆ ಬಂದಮೇಲೆ 2019ರಲ್ಲಿ ಥರ್ಮೊ ಫಿಶರ್ ಕಂಪನಿ ಆ ಪ್ರಾಂತ್ಯಕ್ಕೆ ಗುರುತಿನ ಪರೀಕ್ಷೆಯ ಯಂತ್ರಗಳ ಮಾರಾಟ ನಿಲ್ಲಿಸಿತು. ರಕ್ತದಾನ ಶಿಬಿರದಲ್ಲೋ ಆರೋಗ್ಯ ತಪಾಸಣೆಯಲ್ಲೋ ಕೊಟ್ಟ ರಕ್ತವನ್ನು ಹೇಳದೆ ಕೇಳದೆ ಸಮುದಾಯದ ಹೆಸರಿನ ಕೋಷ್ಟಕಕ್ಕೆ ಸೇರಿಸುವುದು ಕೊಟ್ಟವರ ನಂಬಿಕೆಗೆ ಮಾಡುವ ದ್ರೋಹ.

ಭಾರತದ ಕಾನೂನು ಏನು ಹೇಳುತ್ತದೆ?

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 51 ಮತ್ತು 52ನೇ ಪ್ರಕರಣಗಳು ಆರೋಪಿಯ ವೈದ್ಯಕೀಯ ಪರೀಕ್ಷೆಯಲ್ಲಿ ಡಿಎನ್‌ಎ ಮಾದರಿ ತೆಗೆಯಲು ಅವಕಾಶ ಕೊಡುತ್ತವೆ. ಸಾಕ್ಷ್ಯವಾಗಿ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಪ್ರಕರಣದಡಿ ತಜ್ಞರ ಅಭಿಪ್ರಾಯ. 2022ರ ಕ್ರಿಮಿನಲ್ ಪ್ರಕ್ರಿಯಾ (ಗುರುತಿಸುವಿಕೆ) ಕಾಯಿದೆ ಜೈವಿಕ ಮಾದರಿಗಳ ದಾಖಲೆಯನ್ನು 75 ವರ್ಷ ಇಟ್ಟುಕೊಳ್ಳಲು ಅನುಮತಿಸುತ್ತದೆ. ಡಿಎನ್‌ಎ ಕೋಶಕ್ಕೇ ಮೀಸಲಾದ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು. ಅದನ್ನು ಪರಿಶೀಲಿಸಿದ ಸಂಸದೀಯ ಸ್ಥಾಯಿ ಸಮಿತಿ 2021ರಲ್ಲಿ ಜಾತಿ, ಸಮುದಾಯದ ಆಧಾರದಲ್ಲಿ ಜನರನ್ನು ಗುರುತು ಮಾಡುವ ದುರುಪಯೋಗದ ಆತಂಕವನ್ನು ದಾಖಲಿಸಿತು. 2023ರ ಜುಲೈಯಲ್ಲಿ ಸರ್ಕಾರ ಮಸೂದೆಯನ್ನು ಹಿಂತೆಗೆದುಕೊಂಡಿತು. ಅಂದರೆ ಮಾದರಿ ತೆಗೆಯುವ ಅಧಿಕಾರ ವಿಸ್ತಾರವಾಗಿದೆ, ಲೆಕ್ಕದ ಗುಣಮಟ್ಟಕ್ಕೂ ಕೋಷ್ಟಕಗಳ ಕಾವಲಿಗೂ ಪ್ರತ್ಯೇಕ ಕಾಯಿದೆ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಅಳತೆಗೋಲು ಇಲ್ಲಿಗೂ ಅನ್ವಯವಾಗುತ್ತದೆ.

ಪಾಟೀಸವಾಲಿಗೆ ಮೊದಲು ವಕೀಲರು ವರದಿಯಲ್ಲಿ ಏನನ್ನು ನೋಡಬೇಕು?

ಮೊದಲಿಗೆ ಸಂಖ್ಯೆ ಇದೆಯೇ ನೋಡಿ. "ಹೊಂದಿಕೆಯಾಗಿದೆ" ಎಂಬ ಒಂದೇ ಸಾಲಿನ ವರದಿಗೆ ವಿಜ್ಞಾನದ ತೂಕವಿಲ್ಲ. ಸಂಖ್ಯೆ ಇದ್ದರೆ ಯಾವ ಕೋಷ್ಟಕದಿಂದ, ಎಷ್ಟು ಜನರ ಮಾದರಿಯಿಂದ, ಎಷ್ಟು ಥೀಟಾ ಬಳಸಿ ಬಂತೆಂದು ಕೇಳಿ. ಅಮೆರಿಕದವರ ಕೋಷ್ಟಕ ಬಳಸಿದ್ದರೆ ಕಾರಣ ಕೇಳಿ. ಬಂಧುಗಳನ್ನು ತನಿಖೆಯಲ್ಲಿ ಬಿಟ್ಟಿದ್ದಾರೆಯೇ ವಿಚಾರಿಸಿ, ಏಕೆಂದರೆ 0.05ರ ಆಲೀಲ್ ಎರಡೂ ಪ್ರತಿಗಳಲ್ಲಿರುವವನ ಒಡಹುಟ್ಟಿದವನಲ್ಲಿಯೂ ಅದೇ ಬರುವ ಸಾಧ್ಯತೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. ದೆಹಲಿಯ ಛಾವ್ಲಾದ ಯುವತಿಯ ಅತ್ಯಾಚಾರ ಮತ್ತು ಕೊಲೆಯ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಗೆ ಗುರಿಯಾದವರನ್ನು ಬಿಡುಗಡೆ ಮಾಡುವಾಗ ಎತ್ತಿ ಹೇಳಿದ ಲೋಪಗಳಲ್ಲಿ, ಡಿಎನ್‌ಎ ವರದಿಯ ತಳಹದಿಯನ್ನು ಕೆಳಗಿನ ನ್ಯಾಯಾಲಯಗಳು ಪರೀಕ್ಷಿಸಲೇ ಇಲ್ಲ ಎಂಬುದೂ ಒಂದು.

ಕೊನೆಗೆ ಸಂಖ್ಯೆಯ ಅರ್ಥವನ್ನು ತಿರುಚಿದ್ದಾರೆಯೇ ಗಮನಿಸಿ. ಹತ್ತು ಲಕ್ಷದಲ್ಲಿ ಒಬ್ಬನಿಗೆ ಹೊಂದುವ ವಿನ್ಯಾಸ ಎಂದರೆ, ಆರೋಪಿ ನಿರಪರಾಧಿಯಾಗಿರುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದು ಎಂದಲ್ಲ. ಒಂದು ಕೋಟಿಗೂ ಹೆಚ್ಚು ಜನರಿರುವ ಬೆಂಗಳೂರಿನಲ್ಲಿ ಆ ವಿನ್ಯಾಸ ಸುಮಾರು ಹತ್ತು ಜನರಲ್ಲಿ ಇರಬಹುದು. ಆ ಹತ್ತರಲ್ಲಿ ಇವನೇ ಎಂದು ತೋರಿಸುವುದು ಮಹಜರು, ಸಾಕ್ಷಿಗಳ ಹೇಳಿಕೆ, ಫೋನಿನ ದಾಖಲೆ ಮೊದಲಾದ ಉಳಿದ ಸಾಕ್ಷ್ಯಗಳ ಕೆಲಸ.